ಕೆಲಸದ ವಿವರ

ಪಂಚಾಯತಿನಿಂದ ನನ್ನ ಬಿಲ್ಲು ವಾಪಸು ಬಂತು.
ಜೆಸಿಬಿ ಬಾಡಿಗೆ, ಆರೂವರೆ ಗಂಟೆ: ಸರಿ.
ಕೆಲಸದ ವಿವರ: ಮೀನು ಹೂಳಿದ್ದು.
ಕಾರ್ಯದರ್ಶಿ ಕನ್ನಡಕ ತೆಗೆದು ಕೇಳಿದರು,
ಒಂದು ಮೀನಿಗೆ ಆರೂವರೆ ಗಂಟೆಯಾ ದೂಮಪ್ಪ?

ಮೊದಲು ನಾನೂ ಮೀನು ಅಂತಲೇ ಎಣಿಸಿದ್ದು.
ಆಟಿ ಕಳೆದು ಮೂರನೇ ಬೆಳಿಗ್ಗೆ
ಪಡುಕರೆಯ ತಡೆಗೋಡೆಯ ಆಚೆ
ಮಗುಚಿದ ದೋಣಿಯ ಹಾಗೆ ಬಿದ್ದಿತ್ತು,
ಮೇಲೆ ಕಾಗೆಗಳು, ಎಳ್ಳು ಚೆಲ್ಲಿದಷ್ಟೇ ಸಣ್ಣಗೆ.
ಉಂದು ದಾನೆ ಮಾರಾಯ, ಎಂದು ಯಾರೋ
ಬೆನ್ನಿಗೆ ಒರಗಿ ಸೆಲ್ಫಿ ತೆಗೆದರು.
ನಲವತ್ತು ವರ್ಷ ಬಂಗುಡೆ ಮಾರಿದ ಸರಸು ಮೆಂಡನ್
ಬುಟ್ಟಿ ಇಳಿಸಿ, ಮೂಗು ಮುಚ್ಚದೆ ನಿಂತಳು.
ಇದು ನಮ್ಮ ತಕ್ಕಡಿಯದ್ದಲ್ಲ, ಅಂದಳು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಿಂದ
ಗಮ್‌ಬೂಟು ಹಾಕಿದ ಹುಡುಗಿ ಬಂದಳು, ವೆನಿಶಾ.
ಟೇಪು ಸಾಲದೆ ಎರಡು ಕಡೆ ಕಡ್ಡಿ ನೆಟ್ಟು ಅಳೆದಳು.
ಅರವತ್ತಮೂರು ಅಡಿ. ಹೆಣ್ಣು. ನೀಲಿ ತಿಮಿಂಗಿಲ.
ನೀಲಿ ಎಲ್ಲಿ? ಕೇಳಿದೆ. ನನಗೆ ಕಂಡದ್ದು
ಒದ್ದೆ ಸ್ಲೇಟು, ಸಿಪ್ಪೆ ಎದ್ದಲ್ಲಿ ಸುಣ್ಣ.
ನೀರಿನಡಿ ನೋಡಬೇಕು ಅಂಕಲ್, ಅಂದಳು,
ಆ ನೀಲಿ ಅರ್ಧ ಅದರದ್ದು, ಅರ್ಧ ಕಡಲಿನದ್ದು.

ಗುಂಡಿ ತೋಡುತ್ತ ಕೇಳಿಸಿಕೊಂಡೆ,
ಬಕೆಟ್ಟು ಏರುವಾಗ ಒಂದು ಮಾತು, ಇಳಿಯುವಾಗ ಒಂದು.
ಇದಕ್ಕೆ ಹಲ್ಲಿಲ್ಲ, ಬಾಯಿ ತುಂಬ ಜಾಲರಿ,
ಸವೆದ ಹಿಡಿಸೂಡಿಯ ಹಾಗೆ ಅಂಚು.
ತಿನ್ನುವುದು ಬೆರಳುದ್ದವೂ ಇಲ್ಲದ ಸಿಗಡಿಯಂಥದ್ದು,
ಒಂದೊಂದು ಗುಟುಕಿಗೆ ಒಂದು ಕೆರೆ ನೀರು ಸೋಸಿ.
ಮುಳುಗಿದಾಗ ಎದೆ ನಿಮಿಷಕ್ಕೆ ಎರಡೇ ಸಲ ಬಡಿಯುತ್ತದಂತೆ.
ಎಂಜಿನ್ನು ನಿಲ್ಲಿಸಿ ಲೆಕ್ಕ ಹಿಡಿದೆ:
ಒಂದು.
ಬೀಡಿ ಹಚ್ಚಿದೆ. ಎಳೆದೆ. ಅಲೆಯೊಂದು ಬಂತು,
ಹೋಯಿತು. ಇನ್ನೊಂದು ಬಂತು.
ಎರಡು.

ಬೇರೆ ಕಡಲಿನವು ಚಳಿಯ ನೀರಿಗೆ ದೂರ ಹೋಗಿ ಬರುತ್ತವೆ,
ಇವು ಹೆಚ್ಚಾಗಿ ಈ ಕಡೆಯವೇ, ಲಂಕೆ, ಲಕ್ಷದ್ವೀಪ, ಅರಬ್ಬಿ.
ಹಾಡುವ ರೀತಿಯೂ ಇಲ್ಲಿಯದೇ ಬೇರೆ.
ನಮ್ಮ ಕುಂದಾಪುರದವರ ಮಾತಿನ ಹಾಗಾ? ಅಂದೆ.
ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮೂರು ಗಂಟೆಗೆ ಕಿವಿಯ ಜಾಗ ಹುಡುಕಿ ಕೊಯ್ದಳು.
ಮೊಣಕೈವರೆಗೆ ಕೈ ತೂರಿಸಿ ಎಳೆದದ್ದು
ಒಂದಡಿ ಉದ್ದದ ಮೇಣ, ನಾರುವ ಕರಿ ಮೊಂಬತ್ತಿ.
ಥೂ, ಕಿವಿಯ ಕೊಳೆ!
ಅವಳು ಅದನ್ನು ಬೆಳ್ಳಿ ಕಾಗದದಲ್ಲಿ
ಪರೋಟ ಪಾರ್ಸೆಲ್ಲಿನ ಹಾಗೆ ಸುತ್ತಿದಳು.
ಇದರಲ್ಲಿ ಪದರ ಉಂಟು, ಒಂದು ತಿಳಿ, ಒಂದು ಕಪ್ಪು,
ಹೊಟ್ಟೆ ತುಂಬಿದ ತಿಂಗಳು, ಉಪವಾಸದ ತಿಂಗಳು.
ಎಣಿಸಿದರೆ ಪ್ರಾಯ ಸಿಗುತ್ತದೆ.
ಯಾವ ವರ್ಷ ಹೆದರಿತ್ತು, ಅದೂ.

ಬೆನ್ನಿನ ಎಲುಬು ಮೊದಲೇ ಮುರಿದಿತ್ತು.
ನಾನಲ್ಲ, ನನ್ನ ಬಕೆಟ್ಟಿನ ಹಲ್ಲು ತಾಗಿದ್ದಲ್ಲ.
ದೂಡಿದಾಗ ಹೊಟ್ಟೆಯಡಿಯ ಸೀಳಿನಿಂದ
ಬೆಳ್ಳಗೆ ಒಸರಿತು, ಗಟ್ಟಿ, ಗಂಜಿಯ ಕೆನೆಗಿಂತ ಗಟ್ಟಿ.
ಟೇಪು ಸುತ್ತುತ್ತಿದ್ದ ವೆನಿಶಾ ನಿಂತಳು.
ಹಾಲು, ಅಂದಳು.
ದಿನಕ್ಕೆ ಇನ್ನೂರು ಲೀಟರು ಕುಡಿಯುತ್ತದೆ ಮರಿ.
ಸರಸು ಏನೂ ಕೇಳಲಿಲ್ಲ. ಮೂವರೂ ಕಡಲ ಕಡೆ ನೋಡಿದೆವು.
ದ್ವೀಪದ ಆಚೆ ಒಂದು ಹಡಗು, ತೆಂಕು ಮುಖ ಮಾಡಿ,
ಪಣಂಬೂರಿನ ಬಂದರಿಗೆ ಇರಬೇಕು.
ಬೇರೆ ಏನೂ ಕಾಣಲಿಲ್ಲ.

ಮೂರು ವರ್ಷ ಕಳೆದು ಎಲುಬು ತೆಗೆಯಲು ಬನ್ನಿ ಅಂದಿದ್ದಾಳೆ.
ಆ ಬಿಲ್ಲು ಬೇರೆ.
ಈಗ ಇದರಲ್ಲಿ 'ಮೀನು' ಹೊಡೆದು ಹಾಕಿದ್ದೇನೆ,
ಅಲ್ಲಿ ಏನು ಬರೆಯಲಿ ಅಂತ ಗೊತ್ತಾಗದೆ ಕೂತೆ.
ಕಾರ್ಯದರ್ಶಿ ಪೆನ್ನು ಕೇಳಿ ಪಡೆದು
ತಾವೇ ಬರೆದರು, ಅಂದವಾದ ಅಕ್ಷರ:
ಮರಳು ಸಮತಟ್ಟು ಮಾಡಿದ್ದು.
ಸೀಲು ಒತ್ತಿದರು. ಪಾಸಾಯಿತು.